ಬಾಳಿಕೆ

ನೋಟರಿಯ ಮೇಜಿನ ಮೇಲೊಂದು ಕೋಷ್ಟಕ.
ಎಪ್ಪತ್ತೆಂಟರ ಹೆಂಗಸಿಗೆ, ಅದರ ಪ್ರಕಾರ,
ಇನ್ನು ಹನ್ನೊಂದು ವರ್ಷ, ಚಿಲ್ಲರೆ ತಿಂಗಳು.
ಆ ಚಿಲ್ಲರೆಯ ಮೇಲೆ ಪೆನ್ನಿನ ತುದಿಯಿಟ್ಟು
ಆತ ನನ್ನ ಮುಖ ನೋಡಿದ,
ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ.

ನಲವತ್ತು ವರ್ಷ ದುವಾರ್ನನೇ ಬಂದರಿನ ಕಾರ್ಖಾನೆಯಲ್ಲಿ
ಬೂತಾಯಿಯ ತಲೆ ಕಡಿದು
ಡಬ್ಬಿಗೆ ಆರರಂತೆ ಒತ್ತಿ ಮಲಗಿಸಿದವಳು ನಾನು.
ಪ್ರತಿ ಡಬ್ಬಿಯ ತಳದಲ್ಲೂ ಎರಡು ತಾರೀಖು:
ತುಂಬಿದ್ದು ಯಾವಾಗ, ಕೆಡುವುದು ಯಾವಾಗ.
ನಮ್ಮ ಮನೆಯ ಹೆಂಗಸರಿಗೆ
ಎರಡನೆಯದನ್ನು ಒತ್ತಲು ಯಾರೋ ಮರೆತಿದ್ದಾರೆ.

ಅಮ್ಮ ಹೋದದ್ದು ನೂರಾ ಒಂದಕ್ಕೆ.
ದೊಡ್ಡಮ್ಮ ಅನ್ನಾಯಿಕ್ ತೊಂಬತ್ತೊಂಬತ್ತಕ್ಕೆ,
ಅದೂ ಸೈಕಲ್ಲಿನಿಂದ ಬಿದ್ದು.
ಅಮ್ಮನ ಉಳಿತಾಯ ಮಾತ್ರ
ಆಕೆಯ ಎಂಬತ್ತಾರಕ್ಕೇ ತೀರಿಕೊಂಡಿತ್ತು.
ಉಳಿದ ಹದಿನೈದು ವರ್ಷ ಆಕೆ
ಬೆಣ್ಣೆ ತೆಳ್ಳಗೆ ಸವರುವುದನ್ನು ಕಲಿತಳು,
ಮಕ್ಕಳ ಮನೆಯಲ್ಲಿ ದೀಪ ಬೇಗ ಆರಿಸುವುದನ್ನು,
ತಟ್ಟೆ ಬರುವ ಮೊದಲೇ "ಸಾಕು" ಎನ್ನುವುದನ್ನು.

ನೂರು ಕಾಲ ಬಾಳು ಅಂತ ಹರಸುತ್ತಾರೆ,
ಕರೆಂಟಿನ ಬಿಲ್ಲು ಯಾರ ಹೆಸರಿಗೆ ಅಂತ ಹೇಳುವುದಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ.
ಮಲಗಿದಲ್ಲೇ ಕಾಲು ಬೆಳೆಯುತ್ತಾ ಹೋದರೆ?

ಹಾಗಾಗಿ ಮನೆ ಮಾರಿದೆ,
ಮಾರಿದ ಮನೆಯಲ್ಲೇ ಇದ್ದುಕೊಂಡು.
ಕೊಂಡವನು ಗುಲ್ವೆನ್ ಮೊರ್ವಾನ್, ಬಸ್ಸು ಓಡಿಸುವ ಹುಡುಗ.
ಮೊದಲಿಗೊಂದು ಸಣ್ಣ ಗಂಟು,
ಆಮೇಲೆ ತಿಂಗಳಿಗೆ ಆರುನೂರ ನಲವತ್ತು ಯೂರೋ,
ನಾನು ಸಾಯುವವರೆಗೆ. ಸತ್ತ ಮರುದಿನ ಬೀಗದಕೈ ಅವನದು.
ಸಹಿಗೆ ಮುಂಚೆ ಅಮ್ಮನ, ದೊಡ್ಡಮ್ಮನ ಫೋಟೋ
ಅವನ ಮುಂದಿಟ್ಟೆ, ವಯಸ್ಸು ಹೇಳಿದೆ.
ಕಣ್ಣಿಗೆ ಮಣ್ಣೆರಚಿದಳು ಅನ್ನಬಾರದು ನಾಳೆ.
ಹುಡುಗ ನಕ್ಕ. ನೋಟರಿ ನಗಲಿಲ್ಲ.

ಹನ್ನೊಂದು ವರ್ಷ ಕಳೆದವು. ಚಿಲ್ಲರೆ ತಿಂಗಳೂ.
ಆ ಸಂಜೆ ಒಬ್ಬಳೇ ಒಂದು ಲೋಟ ಸೇಬಿನ ಮದ್ಯ ಕುಡಿದೆ,
ಕೋಷ್ಟಕದ ಆಚೆ ದಡಕ್ಕೆ ಕಾಲಿಟ್ಟದ್ದಕ್ಕೆ.

ಪ್ರತಿ ಚಳಿಗಾಲ ಗುಲ್ವೆನ್ ಬರುತ್ತಾನೆ.
"ಹೇಗಿದ್ದೀರಿ, ಸ್ವಾಜಿಕ್?"
ಆ ಪ್ರಶ್ನೆಯನ್ನು ತೂಗಿ ನೋಡುತ್ತೇನೆ,
ತಕ್ಕಡಿ ಎಲ್ಲೂ ನಿಲ್ಲುವುದಿಲ್ಲ.
ಅವನ ತಲೆಯೂ ನರೆಯುತ್ತಿದೆ. ಎರಡನೆಯ ಮಗಳು
ಬಾಡಿಗೆ ಮನೆಯ ಹಾಲಿನಲ್ಲೇ ಇನ್ನೂ ಮಲಗುತ್ತಾಳಂತೆ.
ಕೆಮ್ಮು ಬಂದರೆ ತಡೆದುಕೊಳ್ಳುತ್ತೇನೆ,
ಅವನಿಗೆ ಆಸೆ ಹುಟ್ಟಿಸಬಾರದೆಂದೋ
ಆಸೆ ಹುಟ್ಟುವುದನ್ನು ನಾನು ನೋಡಬಾರದೆಂದೋ.

ಕಳೆದ ನವೆಂಬರಿನಲ್ಲಿ ಬಂದವನು
ಕೋಟು ಬಿಚ್ಚಿ, ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿದ.
"ಇಲ್ಲಿ ಜಾರುತ್ತದೆ," ಅಂದ, ನನ್ನನ್ನು ನೋಡದೆ.
ಅರ್ಧ ಗಂಟೆ ಗೋಡೆ ಕೊರೆಯುವ ಸದ್ದು,
ನನ್ನದೋ ಅವನದೋ ಆದ ಗೋಡೆ.
ಅವನು ಹೋದ ಮೇಲೆ ಕಂಬಿ ಹಿಡಿದು
ಸುಮ್ಮನೆ ಮೂರು ಸಲ ಹತ್ತಿ ಇಳಿದೆ.

ನಿನ್ನೆ ಉಣ್ಣೆಯ ಕೋಟು ಕೊಳ್ಳಲು ಹೋಗಿದ್ದೆ.
ಅಂಗಡಿಯ ಹುಡುಗಿ ಅಗ್ಗದ್ದನ್ನೇ ಮುಂದೆ ಮಾಡಿದಳು:
ಮೂರು ನಾಲ್ಕು ಚಳಿ ತಡೆಯುತ್ತದೆ, ನಿಮಗಿದು...
ಮಿಕ್ಕದ್ದನ್ನು ನುಂಗಿಕೊಂಡಳು, ಕಿವಿ ಕೆಂಪಾಯಿತು.
ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ಕೇಳಿದೆ,
ಇದಕ್ಕಿಂತ ಬಾಳಿಕೆ ಬರುವುದು
ಇಲ್ಲವೇನಮ್ಮಾ?