ಹಲ್ಲು ಕಟ್ಟುವವನ ದಂಡು

ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಹೊಗೆಗೆ ಕಪ್ಪಾದ ಮಹಡಿ ಮೆಟ್ಟಿಲು.
ಹನ್ನೊಂದನೆಯದು ಮುರಿದೈತಿ, ನೋಡಿ ಹತ್ರಿ, ಎಂದಿದ್ದ ಹಾಲೇಶಿ.
ನೋಡದೆ ಹತ್ತಿದೆ.
ಹೀಗೆ, ಮೊಣಕಾಲು ತರಚಿಕೊಂಡು,
ನಲವತ್ತಾರನೆಯ ವಯಸ್ಸಿಗೆ
ಯುದ್ಧಕ್ಕೆ ಸೇರಿದೆ.

ನಾನು ಹಲ್ಲು ಕಟ್ಟುವವನು.
ಡಾಕ್ಟರಲ್ಲ; ಡಾಕ್ಟರು ಕಳಿಸಿದ ಅಚ್ಚಿಗೆ
ಪ್ಲಾಸ್ಟರು ಸುರಿದು, ಮೇಣ ತೀಡಿ,
ಯಾರದೋ ನಗುವನ್ನು ಮದುವೆಯ ಮುಂಚಿನ ದಿನಕ್ಕೆ
ಮುಗಿಸಿ ಕೊಡುವವನು.
"ನಿಮ್ಮ ಕೈಗೆ ಸಣ್ಣ ಬ್ರಷ್ ಪಳಗೈತಿ.
ನಮ್ಮತ್ರ ಮುಖ ಇಲ್ಲದ ಸಿಪಾಯಿ ಅದಾವು.
ಭಾನುವಾರ ಬರ್ರಿ."
ಕರೆದದ್ದು ಇಷ್ಟೇ.

ರಣರಂಗವೆಂದರೆ ಜೋಡಿಸಿದ ಎರಡು ಮಂಚದ ಹಲಗೆ,
ಮೇಲೊಂದು ಹಸಿರು ಜಮಖಾನ.
ಥರ್ಮಾಕೋಲಿನ ಗುಡ್ಡ, ನೀಲಿ ರಿಬ್ಬನ್ನಿನ ಹೊಳೆ,
ದುರ್ಗದ ಬಸ್ಸಿನಲ್ಲಿ ಯಾರೋ ಜೇಬಿಗೆ ಹಾಕಿಕೊಂಡು ಬಂದ
ಕಲ್ಲಿನ ಚೂರುಗಳೇ ಕೋಟೆ.
ಉರುಳಿದ ಗೋಡೆ ಇರಬೇಕಾದಲ್ಲಿ ಒಂದು ಹಿಡಿ ಮಂಡಕ್ಕಿ.
ಕದನ ಬಿಸಿಯೇರಿದಂತೆಲ್ಲ
ಆ ಅವಶೇಷ ಕರಗುತ್ತ ಹೋಗುತ್ತದೆ,
ತಿಂದವರು ಮಾತ್ರ ಯಾರೂ ಇಲ್ಲ.

ನಿಯಮದ ಪುಸ್ತಕ ನೂರಾ ಎಂಬತ್ತು ಪುಟದ ಝೆರಾಕ್ಸು.
ಕೆಸರಿನಲ್ಲಿ ಕುದುರೆಗೆ ಎಷ್ಟು ಇಂಚು,
ಬೆದರಿದ ತುಕಡಿ ಯಾವ ದಿಕ್ಕಿಗೆ ಓಡಬೇಕು,
ಮೂರು ರಾತ್ರಿ ಕೂತು ಉರು ಹೊಡೆದೆ.
ಮಿರ್ಚಿಯ ಎಣ್ಣೆ ಹತ್ತಿದ ಒಂಬತ್ತು ಪುಟಗಳಷ್ಟೇ
ಆಡುವುದಕ್ಕೆ ಬೇಕಾದವು
ಎಂದು ಆಮೇಲೆ ತಿಳಿಯಿತು.

ಹದಿನೇಳು ಸಿಪಾಯಿಗಳಿಗೆ ಆರು ವಾರ.
ಗುಲಗಂಜಿಯಷ್ಟು ಮುಖ.
ಮೊದಲನೆಯವನದು ಗಾರೆ ಮೆತ್ತಿದ ಹಾಗಾಯಿತು,
ಅವನನ್ನು ಹಿಂದಿನ ಸಾಲಿಗೆ ಹಾಕಿದೆ.
ಒಬ್ಬ ಬಾಯಿ ತೆರೆದು ಕೂಗುತ್ತಿದ್ದ.
ಕೈಯ ಚಟ, ಮೇಲುದವಡೆಗೆ ನಾಲ್ಕು ಬಿಳಿ ಚುಕ್ಕೆ ಇಟ್ಟುಬಿಟ್ಟೆ.
ಕೆಳಗಿನ ಸಾಲು ಬೇಡ, ಸಾಕು,
ಎಂದು ಜೋರಾಗಿಯೇ ಹೇಳಿಕೊಳ್ಳಬೇಕಾಯಿತು.

ಎದುರಾಳಿ ಸಫೂರಾ, ಎರಡನೇ ಪಿಯುಸಿ.
ಅಮ್ಮನ ಹೊಲಿಗೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದಳು,
ಸರದಾರರ ಸರದ ಹಾಗೆ.
ನಾನು ಹದಿನೇಳನ್ನೂ ಗುಡ್ಡದ ಹಿಂದೆ ಬಚ್ಚಿಟ್ಟೆ.
ದಾಳ ತಾಗಬಾರದು,
ಬಣ್ಣ ಚಕ್ಕೆ ಏಳಬಾರದು.
ಅವಳು ಹೊಳೆ ದಾಟಿದಳು. ಕೋಟೆ ಹಿಡಿದಳು.
ನನ್ನ ಸರದಿ ಬಂದಾಗಲೆಲ್ಲ
ನಾನು ಯೋಚಿಸುವವನಂತೆ ಕನ್ನಡಕ ಒರೆಸಿದೆ.

"ಅಂಕಲ್, ಕೂರಿಸಿ ನೋಡೋದಾದ್ರೆ ಗೊಂಬೆ ಹಬ್ಬ ಮಾಡ್ರಿ.
ಇವು ನಡೀಬೇಕು."

ಅಜ್ಜಿ ನೆನಪಾದಳು.
ಮಿಲ್ಲಿನ ಕ್ವಾರ್ಟರ್ಸಿನ ಕಲ್ಲುಹಾಸಿನ ಮೇಲೆ
ಇದ್ದಿಲಲ್ಲಿ ಗೀಚಿದ ಹುಲಿಕುರಿಯಾಟ,
ಹುಣಸೆಬೀಜದ ಕುರಿ, ಗೋಲಿಯ ಹುಲಿ.
ನಾನು ಒಂದು ಬೀಜವನ್ನೂ ಕೊಡಲೊಲ್ಲದೆ ಅಳುತ್ತಿದ್ದೆ.
ಕುರಿ ಕೊಡದೆ ಹುಲಿ ಕಟ್ಟಾಕಾಗಲ್ಲಪ್ಪ, ಎನ್ನುತ್ತಿದ್ದಳು,
ಪಾಳಿಯ ಸೈರನ್ ಕೂಗುವವರೆಗೂ.

ಆರು ಇಂಚು ಅಳೆದೆ.
ಹಲ್ಲಿದ್ದವನು ಮುಂದೆ.
ಗುಡ್ಡದ ನೆರಳಿನಿಂದ ಹೊರಬಿದ್ದ ಮೇಲೆ
ಅವರು ಮೊದಲಿಗಿಂತ ಚೆಂದ ಕಂಡರು,
ಇದನ್ನು ಯಾವ ಪುಟವೂ ಹೇಳಿರಲಿಲ್ಲ.
ದಾಳ ಎಸೆದೆ: ಎರಡು.
ಮತ್ತೆ: ಎರಡು.
ಮೂರನೆಯದು ಮಂಚದ ಕೆಳಗೆ ಉರುಳಿತು,
ಐವರು ಬಗ್ಗಿ ಟಾರ್ಚು ಬಿಟ್ಟು ನೋಡಿದರೆ, ಒಂದು.

ಬಿದ್ದವರನ್ನು ಒಬ್ಬೊಬ್ಬರಾಗಿ
ಟ್ರೇಯಲ್ಲಿ ಮಲಗಿಸುವಾಗ
ಸಫೂರಾ ಒಬ್ಬನನ್ನು ಎತ್ತಿ ಬಲ್ಬಿನ ಹತ್ತಿರ ಹಿಡಿದಳು.
"ಅಯ್ಯೋ, ಇವನಿಗೆ ಹಲ್ಲು ಐತಲ್ರಿ!"
ಎಲ್ಲರೂ ಸುತ್ತ ನೆರೆದರು. ಗೆದ್ದ ಕೋಟೆಯನ್ನು
ಯಾರೂ ನೋಡಲಿಲ್ಲ.
"ನನ್ನ ಕುದುರೆಗೂ ಹಾಕಿಕೊಡ್ತೀರಾ?"

ಇಳಿಯುವಾಗ, ಕೆಳಗಿನಿಂದ ಹನ್ನೊಂದನೆಯದು
ಮೇಲಿನಿಂದ ಎಷ್ಟನೆಯದೆಂದು ಲೆಕ್ಕ ಹಾಕಲಿಲ್ಲ.
ಮತ್ತೆ ಅದೇ ಮೊಣಕಾಲು.

ಸೋಮವಾರ ಡಾಕ್ಟರನ್ನು ಕೇಳಿದೆ,
ಕುದುರೆಗೆ ಮುಂದಿನ ಹಲ್ಲು ಎಷ್ಟು, ಸಾರ್?
ಅವರಿಗೂ ಗೊತ್ತಿರಲಿಲ್ಲ.
ಬುಧವಾರಕ್ಕೆ ಕೊಡಬೇಕಾದ ಕೆಳದವಡೆಯೊಂದು
ಇನ್ನೂ ಮೇಣದಲ್ಲೇ ಇದೆ,
ಪಕ್ಕದಲ್ಲಿ ಒಂದು ಕುದುರೆ, ಬಾಯಿ ತೆರೆದು.