ಲೈಟ್ ಆರ್ಸಲೇ ಪೀರಾ

ನನ್ನ ಹೆಸರು ನಿಮಗೆ ಗೊತ್ತಿಲ್ಲ.
ದನಿ ಗೊತ್ತಿರಬಹುದು.
ಹಾಡು ಶುರುವಾಗೋಕೆ ಮುಂಚೆ, ಒಂದೂವರೆ ಸೆಕೆಂಡು,
ಒಬ್ಬ ಮುದುಕ ಕೆಮ್ಮಿ ಬೈತಾನಲ್ಲ,
'ಲೈಟ್ ಆರ್ಸಲೇ ಪೀರಾ' ಅಂತ,
ಅದು ನಾನು. ನದಾಫ್ ಇಮಾಮ್‌ಸಾಬ್,
ಹಾಸಿಗೆ ಅಂಗಡಿ, ಚೌಕಿಪೇಟೆ, ದಾವಣಗೆರೆ.

ಬೈದದ್ದು ನಿಜ. ಕರೆಂಟ್ ಬಿಲ್ಲು ಅವತ್ತು
ಎರಡು ಸಾವಿರದ ಮುನ್ನೂರು ಬಂದಿತ್ತು.
ಹಿಂದಿನ ಅರಳೆ ಕೋಣೆಯಲ್ಲಿ ತಮ್ಮನ ಮಗ ದಾದಾಪೀರ
ಮೂರು ರಾತ್ರಿಯಿಂದ ಒಂದೇ ತಾಳ ಉಜ್ಜುತ್ತಿದ್ದ
ತಳ ಹತ್ತಿದ ಪಾತ್ರೆ ಉಜ್ಜಿದಂಗೆ.
ಗೋಡೆಗೆ ಗಾದಿ, ಬಾಗಿಲಿಗೆ ಗಾದಿ,
ಸೂರಿಗೆ, ಯಾರೋ ಮದುವೆಗೆಂದು ಮಾಡಿಸಿ
ಒಯ್ಯದೆ ಬಿಟ್ಟ ಕೆಂಪು ಹೂವಿನ ಜೋಡಿ ಗಾದಿ.
"ಹೊರಗಿನ ಸದ್ದು ಒಳಗೆ ಬರಬಾರದು ಕಾಕಾ."
ಅವನ ಮೊದಲ ಬೀಟು ಕೊಂಡವನು
ವಾರ್ಡ್ ಚುನಾವಣೆಗೆ ನಿಂತವನು. ಆಟೋದಲ್ಲಿ ಊರೆಲ್ಲ ಮೊಳಗಿಸಿದ.
ಸೋತ. ದುಡ್ಡೂ ಕೊಡಲಿಲ್ಲ.

ಒಂದಿನ ಮೊಳೆಯಿಂದ ಬಿಲ್ಲು ಇಳಿಸಿದ.
ನನ್ನಪ್ಪನ ಬಿಲ್ಲು. ಫೋಮ್ ಹಾಸಿಗೆ ಬಂದ ಮೇಲೆ
ಗುಬ್ಬಿ ಬಿಟ್ಟರೆ ಯಾರೂ ಅದನ್ನು ಮುಟ್ಟಿರಲಿಲ್ಲ.
"ಹಿಂಜು ಕಾಕಾ."
ಅರಳೆ ಎಲ್ಲೈತಿ?
"ಅರಳೆ ಬ್ಯಾಡ. ಬರೀ ಹಿಂಜು."

ಗಾಳಿ ಹಿಂಜಿದೆ.
ಕೊಡತಿ ಬಿದ್ದಾಗೊಮ್ಮೆ ಟೊಂಯ್,
ಕಿವಿಗಲ್ಲ, ಹೊಕ್ಕಳಿಗೆ ಕೇಳುವ ಸದ್ದು ಅದು.
ನಲವತ್ತು ಸಲ ಹೊಡೆಸಿದ. ಕೈ ಲೆಕ್ಕ ಮರೆತಿರಲಿಲ್ಲ,
ಅವನಿಗೆ ಅದೇ ತೊಂದರೆ.
"ಸ್ವಲ್ಪ ತಪ್ಪು ಕಾಕಾ. ಇಷ್ಟು ಸರಿ ಹೊಡೆದರೆ
ಜನ ಮಷೀನು ಅಂತಾರೆ."
ತಪ್ಪಿದರೆ ಅಪ್ಪ ಅದೇ ಕೊಡತಿಯಿಂದ
ಮೊಣಕಾಲಿಗೆ ಕೊಡುತ್ತಿದ್ದ.
ತಪ್ಪೋದು ಕಲಿಯೋಕೆ ಸಂಜೆಯಾಯಿತು.

ಆಮೇಲೆ ಚಳ್ಳಕೆರೆಯ ತಿಪ್ಪೇಶ ಬಂದ,
ಮಂಡಕ್ಕಿ ಪೊಟ್ಟಣ ಹಿಡಿದು, ಬಾಯ್ತುಂಬ ಪ್ರಾಸ.
ಹಾಡಿದ್ದು ಅವನು. ಫೋಟೋ ಅವನದು.
ಪೀರನ ಹೆಸರು ಬೇಕಂದ್ರೆ ಮೂರು ಚುಕ್ಕಿ ಒತ್ತಬೇಕಂತೆ,
ಒತ್ತಿ ಕೆಳಗೆ ಹೋಗಬೇಕಂತೆ, ಇನ್ನೂ ಕೆಳಗೆ.

ಮಂಡಿಯ ಹತ್ತಿ ದರ ಬರೆಯುತ್ತಿದ್ದ ಕರಿ ಹಲಗೆ ಒರೆಸಿ
ಪೀರ ಬರೆದ: ೮೩.
ಮರುದಿನ ೫೦. ನನಗೆ ಎದೆ ಧಸಕ್ಕಂತು.
ಬಿತ್ತೇನಲೇ?
"ಏರ್ತಾ ಐತಿ. ಇಲ್ಲಿ ಅಂಕಿ ಇಳಿದರೆ ಏರಿದಂಗೆ."
ಎಂಥಾ ಮಂಡಿಯಪ್ಪಾ ಅದು!
ಮೂವತ್ತೊಂದು. ಹನ್ನೆರಡು. ಮತ್ತೆ ಹದಿನಾಲ್ಕು,
ಅವತ್ತು ಅವನು ಉಣ್ಣಲಿಲ್ಲ.
ನಾಲ್ಕಕ್ಕೆ ಬಂದು ಮೂರು ವಾರ ಅಲುಗಲಿಲ್ಲ.
ಮೇಲಿನ ಮೂರೂ ಸಿನಿಮಾದವು.
ಹೀರೋ ಇಲ್ಲದ್ದು, ಕುಣಿತ ಇಲ್ಲದ್ದು,
ಅರಳೆ ಕೋಣೆಯದು, ಅದೊಂದೇ.

ಮುಂಬೈ ಕಂಪನಿಯಿಂದ ಕಾಗದ ಬಂತು:
ಆ ಕೆಳಗಿನ ಸದ್ದಿನ ಮಾಲೀಕರು ಯಾರು? ಸಹಿ ಬೇಕು.
ರಾತ್ರಿಯೆಲ್ಲ ಕೂತು ಯೋಚಿಸಿದೆವು.
ಬಿಲ್ಲು ಅಪ್ಪನದು.
ನರ ಹರಿಹರದ ಯಾವುದೋ ಕುರಿಯದು.
ಹೊಡೆದವನು ನಾನು. ತಪ್ಪಿಸಿದವನು ಅವನು.
ಖಾಲಿ ಜಾಗ ಇದ್ದದ್ದು ಒಂದೇ ಗೆರೆ.
'ನದಾಫ್' ಅಂತ ಬರೆದೆ.
ನಾಲ್ವರಲ್ಲಿ ಮೂವರು ಅದರಲ್ಲಿ ಹಿಡಿಸಿದೆವು,
ಕುರಿ ಕ್ಷಮಿಸಲಿ.

ಮುಂದಿನ ಹಾಡು ತೊಂಬತ್ತಾರಕ್ಕೆ ಬಂದು
ಹೋಯಿತು. ಅದರ ಮುಂದಿನದು ಹಲಗೆಗೇ ಬರಲಿಲ್ಲ.
ಅಂಕಿ ಒರೆಸಿಲ್ಲ, ಯಾರೂ. ನಾಲ್ಕು ಹಂಗೇ ಐತಿ,
ಗಿರಾಕಿಗಳು ಗಾದಿಯ ದರ ಅಂತ ತಿಳಿದು ನಗ್ತಾರೆ.

ಮೊನ್ನೆ ರೇಷನ್ ಸಾಲಿನಲ್ಲಿ ಪೀರನಿಗೇ ಏನೋ ಬೈದೆ.
ಹಿಂದಿದ್ದ ಹುಡುಗ ಗೆಳೆಯನಿಗೆ ಅಂದ:
"ನೋಡಲೇ, ಮುದುಕ ಹಾಡಿನದು ಕಾಪಿ ಹೊಡೀತಾನೆ."

ರಾತ್ರಿ ಗಾದಿಯ ಸಂದಿಯಿಂದ ಬೆಳಕು.
ಬಾಗಿಲಿಗೆ ಹೋಗಿ ಬಾಯಿ ತೆರೆದೆ,
ಒಳಗೆ ಅವನು ರೆಕಾರ್ಡ್ ಒತ್ತಿದ್ದರೆ? ಕೆಮ್ಮು ಮಾತ್ರ ಬಂತು.
ಬೈಯೋಕೆ ಕಾರಣವೂ ಇರಲಿಲ್ಲ:
ಈ ತಿಂಗಳ ಬಿಲ್ಲು ಅವನೇ ಕಟ್ಟಿದ.
ಕರೆಂಟಿನದು ಸೋಮವಾರ,
ಅಪ್ಪನದು, ಹೊಸ ನರ ತಂದು, ನಿನ್ನೆ.