ಶೆಟ್ಲಿ ಶೆಡ್ಡಿನಲ್ಲಿ ಅರ್ಥಗಾರಿಕೆ

ಮುದಗಾದ ಶೆಡ್ಡಿನಲ್ಲಿ ಬೆಳಗಿನ ಏಳಕ್ಕೆ
ಮಂಜುಗಡ್ಡೆ ಒಡೆಯುವ ಸದ್ದು ನಿಂತ ಮೇಲೆ
ಟಿವಿ ಹಚ್ಚಿದೆ. ಧನಿಯೇ ಹೇಳಿದ್ದು:
ಅಮೆರಿಕದ ಸುದ್ದಿ ನೋಡ್ತಾ ಇರು,
ಅಲ್ಲಿ ಸುಂಕ ಏರಿದರೆ ಇಲ್ಲಿ ಸುಲಿಗೆಯ ದರ ಇಳಿಸಬೇಕು.
ನಾನು ತೂಕದ ಗುಮಾಸ್ತ. ಇಂಗ್ಲಿಷು ಬರುತ್ತದೆಂದು
ತಿಂಗಳಿಗೆ ಮುನ್ನೂರು ಜಾಸ್ತಿ.

ಪರದೆಯಲ್ಲಿ ಯಾವುದೋ ರಾಜ್ಯದ ಚುನಾವಣೆ,
ಕಟಕಟೆಯಂಥ ಎರಡು ಮೇಜು, ಎರಡು ಲೋಟ ನೀರು,
ಒಬ್ಬ ಬೋಳುತಲೆಯವ, ಒಬ್ಬಳು ಕನ್ನಡಕದವಳು.
ಕೆಳಗೆ ಒದ್ದೆ ನೆಲದಲ್ಲಿ ಇಪ್ಪತ್ತಾರು ಹೆಂಗಸರು,
ಬೆರಳಿಗೆ ಪಟಿಕ ತಿಕ್ಕಿಕೊಂಡು
ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನರ ಎಳೆದು
ಬೋಗುಣಿಗೆ.

'ಎಂತಾ ಹೇಳ್ತಾ ಅವ, ಬೋಳುತಲೆ?'
ಮಾದೇವಿ ಹರಿಕಂತ್ರ, ಕತ್ತು ಎತ್ತದೆ.
ಫ್ರೀ ಮಾರ್ಕೆಟ್ಟು ಅಂತ, ಅಂದೆ.
'ಪುಕ್ಕಟೆಯಾ? ಕಾರವಾರದ ಮೀನುಪೇಟೆಲಿ
ಕಟ್ಟೆ ಮೇಲೆ ಕೂರೂಕೇ ದಿನಕ್ಕೆ ಇಪ್ಪತ್ತು ಕೀಳ್ತರೆ!'
ಶೆಡ್ಡಿಗೆ ಶೆಡ್ಡೇ ನಕ್ಕಿತು. ತಿದ್ದಿದೆ:
ಪುಕ್ಕಟೆಯಲ್ಲ, ಮುಕ್ತ. ನಡುವೆ ಯಾರೂ ಬರೂಕಿಲ್ಲ,
ಕೊಡುವವರ ಖುಷಿ, ಕೊಳ್ಳುವವರ ಖುಷಿ.
'ಹಂಗಾದ್ರೆ ನನ್ನ ಖುಷಿ ಬರ್ಕೊ. ಕಿಲೋಕ್ಕೆ ಮೂವತ್ತು.'
ಬರೆಯಲಿಲ್ಲ. ನನ್ನ ಪುಸ್ತಕದಲ್ಲಿ ಆ ಕಾಲಮ್ಮು ಇಲ್ಲ.

ಕನ್ನಡಕದವಳ ದನಿ ಚೆನ್ನಾಗಿತ್ತು:
ಔಷಧ ಹಕ್ಕು, ಹೊಟ್ಟೆಗಾಗುವ ಕೂಲಿ ಹಕ್ಕು, ಸೂರು ಹಕ್ಕು.
ಸಭೆ ಎದ್ದು ಚಪ್ಪಾಳೆ ತಟ್ಟಿತು.
ಬೋಳುತಲೆ ನೀರು ಕುಡಿದು ಹೇಳಿದ:
ಇನ್ನೊಬ್ಬನ ಜೇಬಿಗೆ ಕೈಯಿಕ್ಕುವುದು ಹಕ್ಕಲ್ಲ, ಕಳವು.
ಅದಕ್ಕೂ ಅಷ್ಟೇ ಚಪ್ಪಾಳೆ.

ಪಿಯೆದಾದ್ ಬಾಯಿ, ಪಾದ್ರಿ ಬೈದರೂ ಬಿಡದೆ
ರಾತ್ರಿಯಿಡೀ ತಾಳಮದ್ದಳೆ ಕೇಳಿ ಮುದುಕಿಯಾದವಳು,
'ಅರ್ಥ ಚೆಂದ ಹೇಳ್ತರೆ ಇಬ್ಬರೂವ' ಅಂದಳು.
'ಇವತ್ತು ಕೃಷ್ಣ ಹೇಳಿದವ ನಾಳೆ ಕೌರವನೂ ಹೇಳ್ತ,
ಎರಡಕ್ಕೂ ಒಂದೇ ಸಂಭಾವನೆ.
ಆದ್ರೆ ಇವರಿಗೆ ಭಾಗವತ ಯಾರು?
ಮಾತು ಹಳಿ ತಪ್ಪಿದಾಗ ತಾಳ ತಟ್ಟಿ
ಮುಂದಿನ ಪದ ಎತ್ತೂದು ಯಾರು?'

ಸುಳ್ಳೇಕೆ, ನನಗೆ ಹಿಡಿಸಿದ್ದು ಬೋಳುತಲೆಯೇ.
ಸೊಸೈಟಿಯ ಡೀಸೆಲ್ಲು ಅಪ್ಪನ ದೋಣಿಗೆ ಬಂದದ್ದಿಲ್ಲ,
ಸಾಲ ಕೊಟ್ಟವ, ಐಸು ಕೊಟ್ಟವ, ನನಗೆ ಕುರ್ಚಿ ಕೊಟ್ಟವ ಇದೇ ಧನಿ.
ನೌಕಾನೆಲೆಗೆಂದು ನಮ್ಮನ್ನು ಊರಿಂದ ಎಬ್ಬಿಸಿದ್ದು
ಪೇಟೆಯಲ್ಲ, ಸರ್ಕಾರ. ಹಾಗೇ ಹೇಳಿಯೂಬಿಟ್ಟೆ.

ಮಾದೇವಿ ಈಗ ತಲೆಯೆತ್ತಿದಳು.
'ಎಬ್ಬಿಸಿದ್ದು ಹೌದು. ಆದ್ರೆ ಬಸ್ಸು ಹತ್ತಿ ಹೋಗಿ
ಡೀಸಿ ಆಫೀಸಿನ ಗೇಟಿಗೆ ಕೂತು ಕೂಗಿದ್ವಲ್ಲ, ಮೂರು ವರ್ಷ?
ಈ ಸುಂಕಕ್ಕೆ ಎಲ್ಲಿ ಹೋಗಿ ಕೂಗೂದು?
ಯಾವ ಬಸ್ಸು?'

ಸುಲಿಯಲು ಬಂದು ಎಂಟೇ ದಿನವಾದ ದುರ್ಗಿ
'ಹಕ್ಕು ಅಂದ್ರೆ ಇದೇಯಾ?' ಎಂದು ಬೆರಳು ಚಾಚಿದಳು.
ಶೆಟ್ಲಿಯ ಕೋಡು ಚುಚ್ಚಿದ ಗಾಯ.
ರಾತ್ರಿ ಕಟ್ಟಿದ ಹಕ್ಕು
ಬೆಳಗಿನ ಐಸುನೀರಿಗೆ ಮೆತ್ತಗಾಗಿ ಎದ್ದುಹೋಗಿತ್ತು.
'ಒಣಗೂಕೆ ಬಿಟ್ರೆ ತಾನೇ ಕಟ್ಟೂದು,' ಯಾರೋ ಅಂದರು.
ಈ ಸಲ ನಗು ಬರಲಿಲ್ಲ.

ಹನ್ನೊಂದಕ್ಕೆ ಧನಿಯ ಫೋನು.
ಹಲಗೆಯ ಮೇಲಿನ ಹದಿನೆಂಟನ್ನು ಅಂಗೈಯಲ್ಲಿ ಒರೆಸಿ
ಹದಿನಾರು ಬರೆದೆ.
'ಅಲ್ಲಿ ಗೆದ್ದದ್ದು ಯಾರು?' ಪಿಯೆದಾದ್ ಕೇಳಿದಳು.
ಇನ್ನೂ ಗೊತ್ತಾಗಲಿಲ್ಲ ಬಾಯಿ.

ಮಾದೇವಿ ಬೋಗುಣಿ ಇಟ್ಟಳು,
ಮುಳ್ಳು ನಿಲ್ಲುವ ತನಕ ಕಾದಳು, ನಾನೂ ಕಾದೆ.
ನೀರಿನ ಲೆಕ್ಕಕ್ಕೆಂದು ಕಿಲೋಕ್ಕೆ ಕಳೆಯುವ ನೂರು ಗ್ರಾಮು
ಅವತ್ತು ಕಳೆಯಲಿಲ್ಲ.
ಇದು ಹಕ್ಕೋ, ಕಳವೋ, ಬರೀ ನನ್ನ ಖುಷಿಯೋ,
ಆ ಎರಡು ಮೇಜಿನವರಲ್ಲಿ ಯಾರೂ ಹೇಳಿರಲಿಲ್ಲ.

ಮರುದಿನ ಕಳೆದೆ.